ಟಗರಿನ ಕುಡಿಕೆ

ಕುಂದಾಣದ ಕುಂಬಾರಗೇರಿಯಲ್ಲಿ ಹೆಂಗಸರು ಚಕ್ರ ಮುಟ್ಟುವ ಹಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕದಿರಮ್ಮ ಬರೀ ಕೈಯಲ್ಲೇ ಒಲೆ, ಹಣತೆ, ಹರಕೆಯ ಮಣ್ಣಿನ ಕುದುರೆಗಳನ್ನು ಮಾಡಿ ಮಗಳು ಅಂಜಿನಮ್ಮನನ್ನು ಸಾಕಿದಳು.

ನಲವತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಬೆಟ್ಟದ ಬುಡದಲ್ಲಿ ಮಣ್ಣು ಅಗೆಯುವಾಗ ಅವಳ ಗುದ್ದಲಿಗೆ ಚಪ್ಪಡಿ ಕಲ್ಲು ತಗುಲಿತು. ಅದರಡಿಯ ಹಳೇ ಗೋರಿಯಲ್ಲಿ, ಮೂಳೆ ಚೂರುಗಳ ನಡುವೆ, ಟಗರಿನ ಆಕಾರದ ಮಣ್ಣಿನ ಕುಡಿಕೆಯೊಂದು ಸಿಕ್ಕಿತು. ಗಿಡ್ಡ ಕಾಲು, ಸುರುಳಿ ಕೊಂಬು. ಬೆನ್ನ ಮೇಲಿನ ಬಾಯಿಗೆ ಹುಯ್ದ ನೀರು ಮೂತಿಯಿಂದ ಬರುತ್ತಿತ್ತು. ಆ ಬಾಯಿಯ ಒಳಗಡೆ ಮಾಡಿದವರ ಬೆರಳಿನ ಗುರುತು ಹಾಗೇ ಉಳಿದಿತ್ತು. ಕದಿರಮ್ಮ ತನ್ನ ಬೆರಳಿಟ್ಟು ನೋಡಿದಳು, ಸರಿಯಾಗಿ ಕೂತಿತು. ಮಾಡಿದವರು ಹೆಂಗಸೇ ಇರಬೇಕು ಅನ್ನಿಸಿ ಮನೆಗೆ ತಂದಳು.

ಸುದ್ದಿ ತಿಳಿದ ಪಟೇಲ ವೆಂಕಟರಾಯಪ್ಪ ಆಳು ಕಳಿಸಿ ಅದನ್ನು ತರಿಸಿಕೊಂಡ. ಹಿಂದಿನ ದೊರೆಗಳು ದೇವರ ಕಾರ್ಯದಲ್ಲಿ ಇಂಥ ಪಾತ್ರೆಗಳಲ್ಲೇ ಕುಡಿಯುತ್ತಿದ್ದರೆಂದು ಊರಿಗೆ ಬಂದಿದ್ದ ಅಮಲ್ದಾರರು ಹೇಳಿದ್ದೇ ತಡ, ಮಾರಮ್ಮನ ಪೂಜೆಯ ದಿನ ತಾನೂ ಅದರಲ್ಲಿ ಹೆಂಡ ಕುಡಿಯುವ ಆಸೆ ಅವನಿಗೆ ಹುಟ್ಟಿತು. ಆದರೆ ಗೋರಿಯ ಪಾತ್ರೆಗೆ ಬಾಯಿಟ್ಟವರು ರಕ್ತ ಕಾರಿ ಸಾಯುತ್ತಾರೆಂದು ಅವನ ತಾಯಿ ಪಿಳ್ಳಮ್ಮ ಅಡ್ಡ ಬಂದಳು.

ಪೂಜೆಯ ದಿನ ಪಟೇಲ ಊರವರ ಮುಂದೆ ಕದಿರಮ್ಮನನ್ನು ಕರೆಸಿದ.

"ತಂದೋಳು ನೀನು. ಮೊದ್ಲು ನೀನೇ ಕುಡಿ."

"ನಾನು ಹೆಂಡ ಮುಟ್ಟಿದೋಳಲ್ಲ ಸ್ವಾಮಿ. ಮದ್ವೆಗೆ ಬಂದಿರೋ ಮಗಳವ್ಳೆ, ಬಿಟ್ಬಿಡಿ."

ಆಳುಗಳು ಅವಳ ತೋಳು ಹಿಡಿದರು. ಪಟೇಲನೇ ಕುಡಿಕೆಯ ಮೂತಿಯನ್ನು ಅವಳ ಬಾಯಿಗೆ ತುರುಕಿದ. ತುಟಿ ಸೀಳಿ ಹೆಂಡದ ಜೊತೆ ರಕ್ತ ಇಳಿಯಿತು. ಸಾಯುತ್ತಾಳೋ ಇಲ್ಲವೋ ನೋಡಲು ಸಂಜೆಯವರೆಗೆ ಹೊಂಗೆಮರದ ಕೆಳಗೆ ಕೂರಿಸಿದರು. ನೀರು ತಂದ ಅಂಜಿನಮ್ಮನನ್ನು ಹತ್ತಿರ ಬಿಡಲಿಲ್ಲ. ಕದಿರಮ್ಮ ವಾಂತಿ ಮಾಡಿಕೊಂಡಳು, ಸಾಯಲಿಲ್ಲ. ಆಮೇಲೆ ಕುಡಿಕೆಯನ್ನು ಹುಣಸೆಹಣ್ಣು ಹಾಕಿ ತೊಳೆಸಿ ಪಟೇಲ ಕುಡಿದ. ಅವನಿಗೂ ಏನೂ ಆಗಲಿಲ್ಲ.

ಗೋರಿಯ ಪಿಶಾಚಿ ಪೂರ್ತಿ ಕದಿರಮ್ಮನೊಳಗೆ ಇಳಿದದ್ದರಿಂದಲೇ ಪಟೇಲರು ಉಳಿದರೆಂದು ಊರು ತೀರ್ಮಾನಿಸಿತು. ಅವಳ ಹಣತೆಯನ್ನು ಯಾರೂ ಕೊಳ್ಳಲಿಲ್ಲ. ಅಂಜಿನಮ್ಮನನ್ನು ಒಪ್ಪಿದ್ದ ಸೂಲಿಬೆಲೆಯ ಗಂಡಿನವರು ತಾಂಬೂಲ ಹಿಂದಿರುಗಿಸಿದರು.

ಆ ದಿನ ಮಗಳು ಅಳಲಿಲ್ಲ. ರಾಗಿ ಬೀಸುತ್ತಲೇ ಅಂದಳು: "ಅವತ್ತು ನೀನು ಸತ್ತೋಗಿದ್ರೆ ನನ್ ಮದ್ವೆ ಆಗ್ತಿತ್ತು ಕಣಮ್ಮ."

ಕದಿರಮ್ಮನಿಗೆ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ. ಮಗಳನ್ನು ತಮ್ಮನ ಮನೆಯಲ್ಲಿ ಬಿಟ್ಟು, ಊರಿನ ಗಂಗಣ್ಣನ ಎತ್ತಿನ ಗಾಡಿಯಲ್ಲಿ ಹತ್ತಿರದ ಪೇಟೆ ವಿಜಯಪುರಕ್ಕೆ ಹೋದಳು. ತಾನು ವಾಂತಿಭೇದಿಯಿಂದ ಸತ್ತೆನೆಂದು ಊರಲ್ಲಿ ಹೇಳಿಬಿಡುವಂತೆ ಗಂಗಣ್ಣನ ಕಾಲು ಹಿಡಿದಳು. ಅವನು ಹಾಗೇ ಹೇಳಿದ. ಅಂಜಿನಮ್ಮನಿಗೆ ಮಾತ್ರ ನಿಜ ತಿಳಿಸಿದ. ಅವಳು ತಾಯಿಯ ತಿಥಿ ಮಾಡಿಸಿದಳು. ಆರು ತಿಂಗಳಿಗೆ ಸೂಲಿಬೆಲೆಯವರು ಮತ್ತೆ ಬಂದರು, ಮದುವೆಯಾಯಿತು.

ಕದಿರಮ್ಮ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿದಳು. ಕುದಿಯುವ ನೀರಿನಲ್ಲಿ ಗೂಡು ಕೆದಕಿ ಕೆದಕಿ ಬೆರಳುಗಳು ಬೆಂದು ಮರಗಟ್ಟಿದವು.

ನಲವತ್ತೊಂಬತ್ತರಲ್ಲಿ ವಿಜಯಪುರದ ಸಂತೆಯಲ್ಲಿ ಸೊಪ್ಪು ಆರಿಸುತ್ತಿದ್ದವಳು ತಲೆಯೆತ್ತಿದರೆ ಎದುರಿಗೆ ಅಂಜಿನಮ್ಮ, ಕಂಕುಳಲ್ಲಿ ಕೂಸು. ಇಬ್ಬರೂ ನಿಂತೇ ಇದ್ದರು. ಜೊತೆಯಲ್ಲಿದ್ದ ಅತ್ತೆ, ಆಕೆ ಯಾರೆಂದು ಸೊಸೆಯನ್ನು ಕೇಳಿದಳು.

"ಗೊತ್ತಿಲ್ಲ ಕಣತ್ತೆ," ಎಂದಳು ಅಂಜಿನಮ್ಮ.

ಕದಿರಮ್ಮ ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.