ಪೂಜೆಗೆ ಹೋಗದ ಕೋವಿ

ಪಕ್ಕದ ತೋಟದ ಮಾವನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು, ಎದುರಿಗಿದ್ದವರಿಗೆ ಗುರಿ ಹಿಡಿದ ಹಾಗೆ. ಕಾಫಿ ಕೊಟ್ಟರೆ ಮೊದಲು ಮೂಸುವುದು, ಆಮೇಲೆ ನನ್ನ ಮುಖ ನೋಡುವುದು. "ಎಂತ ಮಾವ, ವಿಷ ಹಾಕಿದ್ದೀನಾ?" ಎಂದರೆ, "ಚಿಕೋರಿ ಹಾಕಿದ್ದೀಯ. ಎರಡೂ ಒಂದೇ" ಎನ್ನುತ್ತಿದ್ದರು. ಕಣ್ಣು ಮಂಜಾದ ವರ್ಷ ತಮ್ಮ ಕೋವಿಯನ್ನು ತಾವೇ ಠಾಣೆಗೆ ಒಪ್ಪಿಸಿ ಬಂದ ಆಸಾಮಿ; ತಮ್ಮ ಮೇಲೂ ನಂಬಿಕೆಯಿಲ್ಲ.

ಧರ್ಮವೇ ದೇಶ ಎನ್ನುವ ಪಕ್ಷ ನಮ್ಮ ಕರಿಕೆ ಕಡೆಗೆ ಬಂದಾಗ ಊರಿಗೆ ಊರೇ ಅದರ ಹಿಂದೆ ಹೋಯಿತು. ಮೊದಲು ಭಜನೆ, ಆಮೇಲೆ ಬಾವುಟ, ಆಮೇಲೆ ಕೇರಳದಿಂದ ಮೀನು ತರುವ ಮುಸ್ಲಿಂ ವ್ಯಾಪಾರಿ ಮಾಪಿಳ್ಳೆ ಕಾಕನ ಗಾಡಿಗೆ ತಡೆ. ನನ್ನ ಗಂಡನೂ ಪಕ್ಷದ ಶಾಲು ಹೊದ್ದರು. ನಾನು ಎಷ್ಟು ಬಡಕೊಂಡರೂ ಕೇಳಲಿಲ್ಲ.

ಕೈಲ್ ಮುಹೂರ್ತದ ಹಬ್ಬ ಬಂತು. ಅವತ್ತು ನಮ್ಮಲ್ಲಿ ಕೋವಿಗೆ ಹೂವು ಸಿಕ್ಕಿಸಿ, ಮನೆದೇವರ ಮುಂದಿಟ್ಟು ಪೂಜೆ. ಆ ವರ್ಷ ಪಕ್ಷದವರು ಮನೆಮನೆಗೆ ಬಂದು, ಎಲ್ಲ ಕೋವಿಗಳಿಗೂ ತಮ್ಮ ಕಚೇರಿಯಲ್ಲೇ ಸಾಮೂಹಿಕ ಪೂಜೆ, ಮಾರನೇ ದಿನ ವಾಪಸು ಎಂದರು. ನಮ್ಮವರು ಕೋವಿ ಹೆಗಲಿಗೇರಿಸಿ ಹೊರಟರೆ, ಮಾವ ನಮ್ಮ ಹೊಸ್ತಿಲಲ್ಲೇ ಕೂತಿದ್ದಾರೆ!

"ಪೂಜೆ ಮುಗಿದ ಮೇಲೂ ಕೋವಿ ಅಲ್ಲೇ ಎಂತಕ್ಕೆ ಇರಬೇಕು ಮಾರಾಯ? ನಿನ್ನ ಮನೆದೇವರಿಗೆ ಕಣ್ಣಿಲ್ಲವಾ?"

"ನೀವು ಧರ್ಮದ್ರೋಹಿ!" ನಮ್ಮವರು ಕಿರುಚಿದರು.

"ಆಯ್ತು. ನನ್ನ ದಾಟಿಕೊಂಡು ಹೋಗು."

ಹಿರಿಯರನ್ನು ದಾಟುವುದುಂಟೇ? ಕೋವಿ ಒಳಗೆ ಬಂತು. ಆದರೆ ಊರು ಮಾವನ ಮನೆ ಕಡೆ ಹೋಗುವುದನ್ನೇ ಬಿಟ್ಟಿತು. ಆ ಸಲ ಅವರ ತೋಟಕ್ಕೆ ಕಾಫಿ ಪಿಕಿಂಗಿಗೆ ಆಳೂ ಬರಲಿಲ್ಲ. ಹಣ್ಣು ಗಿಡದಲ್ಲೇ ಒಣಗಿತು.

ಪೂಜೆಗೆ ಹೋದ ಕೋವಿಗಳೂ ವಾಪಸು ಬರಲಿಲ್ಲ. ಕೇರಳ ಗಡಿಯಾಚೆಯ ಗಲಾಟೆಯೊಂದರಲ್ಲಿ ಒಬ್ಬ ಗುಂಡು ತಿಂದು ಸತ್ತ. ಅಲ್ಲಿ ಸಿಕ್ಕಿದ್ದು ನಮ್ಮೂರಿನದೇ ಕೋವಿ. ಅದು ನಮ್ಮದೂ ಆಗಬಹುದಿತ್ತು. ಪಕ್ಷಕ್ಕೆ ನಿಷೇಧ ಬಿತ್ತು, ಕಚೇರಿಗೆ ಬೀಗ ಬಿತ್ತು, ಉಳಿದ ಕೋವಿಗಳೆಲ್ಲ ಪೊಲೀಸರ ವಶವಾದವು.

ಮಾವ ಹಿಗ್ಗಲಿಲ್ಲ. "ಬೋರ್ಡು ಇಳಿಸಿದ್ದಾರೆ ಅಷ್ಟೆ. ಮನುಷ್ಯರು ಎಲ್ಲಿಗೆ ಹೋದರು, ನೋಡ್ತಾ ಇರು" ಎಂದರು. ನೋಡುತ್ತಲೇ ಇದ್ದೇನೆ. ಈಚೆಗೆ ಯಾವುದೋ ಸೇವಾ ಸಂಘವಂತೆ, ಅದೇ ಮುಖಗಳು ಬಂದು ಗೇಟು ಬಡಿಯುತ್ತವೆ. ನಾನು ತೆಗೆಯುವುದಿಲ್ಲ.

ಕಳೆದ ವರ್ಷ ಮಾವ ತೀರಿಕೊಂಡರು. ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ನಮ್ಮ ಪದ್ಧತಿ. ಊರಲ್ಲಿ ಕೋವಿ ಉಳಿದದ್ದು ನಮ್ಮ ಮನೆಯಲ್ಲಿ ಮಾತ್ರ. ನಮ್ಮವರೇ ಮಾವನ ಅಂಗಳದಲ್ಲಿ ನಿಂತು ಹಾರಿಸಿದರು. ಸದ್ದು ಕೇಳಿ, ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದರು. ನಮ್ಮವರು ಕೋವಿ ಕೆಳಗಿಟ್ಟು, ಮಾವನ ಕಾಲು ಹಿಡಿದು ಅತ್ತರು.