ವೈರು ಕಿತ್ತ ಮೇಲೆ ಡಬ್ಬಿಯಲ್ಲಿ ಉಳಿದದ್ದು

ಕೊಳಕೂರದ ದಾರಿಯಲ್ಲಿರುವ ನಮ್ಮ ನೀರಿನ ಪಂಪ್‌ಹೌಸಿನಲ್ಲಿ ವಹಿ ಬರೆಯುವುದು ನನ್ನ ಕೆಲಸ. ಟ್ಯಾಂಕಿನಲ್ಲಿ ನೀರೆಷ್ಟು, ಕರೆಂಟು ಯಾವಾಗ ಹೋಯಿತು, ಯಾವಾಗ ಬಂತು, ಎಲ್ಲ ಅದರಲ್ಲಿ. ಮೋಟರು ನೋಡಿಕೊಳ್ಳುವವರು ಒಬ್ಬ ಹಿರಿಯರು, ಊರಿಗೆಲ್ಲ ಕಾಕಾ. ಟ್ಯಾಂಕು ತುಂಬಿದ ಕೂಡಲೇ ತಾನೇ ಮೋಟರು ನಿಲ್ಲಿಸಲೆಂದು ಗೋಡೆಗೆ ಒಂದು ಡಬ್ಬಿ ಕೂಡಿಸಿದ್ದರು. ಒಳಗೆ ಪುಟ್ಟ ಕಂಪ್ಯೂಟರು, ಕರೆಂಟು ಹೋದರೂ ನಡೆಯಲೆಂದು ಪಕ್ಕದಲ್ಲಿ ಒಂದು ಬ್ಯಾಟರಿ.

ಕೆಲವು ದಿನ ಆ ಡಬ್ಬಿ ಏಳುತ್ತಲೇ ಇರಲಿಲ್ಲ. ಹಸಿರು ದೀಪ ಹತ್ತುವುದು, ಆರುವುದು, ಮತ್ತೆ ಹತ್ತುವುದು. ಟ್ಯಾಂಕು ತುಂಬಿ ಹರಿದು ಓಣಿಯೆಲ್ಲ ಕೆಸರು. ಆ ದಿನಗಳಿಗೂ ವಹಿಯಲ್ಲಿ ಗುರುತು ಹಾಕಿದ್ದೆ. ಡಬ್ಬಿ ಕೂಡಿಸಿದ ಕಂಪನಿಯ ಸಾಹೇಬರು ಫೋನಿನಲ್ಲೇ ತೀರ್ಪು ಕೊಟ್ಟರು: ಆ ಮುದುಕ ಕೈಯಾಡಿಸುತ್ತಾನೆ, ಅವನನ್ನು ತೆಗೆದು ಬೇರೆಯವರನ್ನು ಇಡಿ. ಕಾಕಾ ಒಂದೇ ಮಾತು ಹೇಳಿದರು: "ನಾ ಡಬ್ಬಿ ಮುಟ್ಟಿಲ್ರಿ." ಕೊನೆಯದಾಗಿ ಒಮ್ಮೆ ನೋಡಿ ಬರಲೆಂದು ಕಂಪನಿಯವರು ಒಬ್ಬ ಇಂಜಿನಿಯರ್ ಹುಡುಗಿಯನ್ನು ಕಳಿಸಿದರು. ಅವಳು ಬರೆದು ಕೊಡುವುದರ ಮೇಲೆ ಕಾಕಾನ ಕೆಲಸ ನಿಂತಿತ್ತು.

ಅವಳು ಆಳಂದದ ಕಡೆಯ ಮಟಕಿ ಎಂಬ ಊರಿನವಳು, ಕೂಲಿ ಮಾಡುವವರ ಮಗಳು. ಎರಡು ಬಸ್ಸು ಬದಲಿಸಿ ಬಂದು, ಲ್ಯಾಪ್‌ಟಾಪಿನ ಚೀಲದಿಂದ ಮೊದಲು ತೆಗೆದದ್ದು ಬುತ್ತಿ. ಮೂವರೂ ಕೂಡಿ ರೊಟ್ಟಿ ಉಂಡೆವು. ಕೈ ತೊಳೆದುಕೊಂಡು ಅವಳು ಡಬ್ಬಿಯ ಹತ್ತಿರ ಹೋಗಲೇ ಇಲ್ಲ.

"ಅಕ್ಕೋರೆ, ನಿಮ್ ವಹಿ ಕೊಡ್ರಿ" ಎಂದಳು.

ಒಂದೊಂದೇ ಸಾಲಿಗೆ ಬೆರಳಿಟ್ಟು, ಅವಸರವಿಲ್ಲದೆ, ಮೂರು ತಿಂಗಳ ಹಾಳೆ ಓದಿದಳು. ಐದು ನಿಮಿಷ ಕರೆಂಟು ಹೋಗಿ ಬಂದ ದಿನ ಡಬ್ಬಿ ಚೆನ್ನಾಗಿದೆ. ತಾಸುಗಟ್ಟಲೆ ಹೋದ ದಿನ ಮಾತ್ರ ಹಟ ಹಿಡಿದಿದೆ. ಅವಳು ವಹಿ ಮುಚ್ಚಿ ಕಾಕಾನ ಕಡೆ ತಿರುಗಿದಳು.

"ಕಾಕಾ, ಬ್ಯಾಟರಿ ಇದ್ರ ಡಬ್ಬಿ ಆರಬಾರ್ದು. ಆರಾಕತ್ತದ ಅಂದ್ರ ಯಾರೋ ಪೂರ್ತಿ ಬಂದ್ ಮಾಡಾಕತ್ತಾರ. ಖರೇ ಹೇಳ್ರಿ, ನಾ ಬೈಯಂಗಿಲ್ಲ."

ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಡಬ್ಬಿ ಮುಟ್ಟಿಲ್ಲಬೇ ತಂಗಿ, ಮೋಟರಿಗೂ ಡಬ್ಬಿಗೂ ಬರೂ ವಾಯರ್ ಕೀಳ್ತೇನಿ. ಎದಕ್ ಬೇಕಂತ ಬ್ಯಾಟರೀದೂ ಕೀಳ್ತೇನಿ. ಲೈಟ್ ವಾಪಸ್ ಬರೂಮುಂದ ಕರೆಂಟ್ ಜೋರ್ ಬರ್ತದ. ಎರಡು ಮೋಟರ್ ಸುಟ್ಟಾವ ನನ್ ಕಣ್ಮುಂದ. ಐದ್ ನಿಮಿಷದಾಗ ಬಂದ್ರ ಮಾತ್ರ ಬಿಡ್ತೇನಿ, ನಾ ಎದ್ದು ಬರೂದ್ರಾಗ ಅದೇ ಬಂದಿರ್ತದ."

ಸಾಹೇಬರ ಮಾತೇ ನಿಜವಾಯಿತಲ್ಲ! ಆದರೆ ಅವಳು ನಕ್ಕಳು. "ಇದು ನಮ್ ಆಫೀಸಿನಾಗ ಯಾರಿಗೂ ಹೊಳೀಲಿಲ್ಲ ನೋಡ್ರಿ" ಎಂದು ನನಗೆ ತಿಳಿಸಿ ಹೇಳಿದಳು.

ಕಂಪ್ಯೂಟರಿನ ನೆನಪಿನಲ್ಲಿ ಒಂದು ಮೂಲೆಯನ್ನು ಕಾದಿಟ್ಟಿರುತ್ತಾರಂತೆ, ಬೇರೆ ಯಾವ ಕೆಲಸಕ್ಕೂ ಕೊಡುವುದಿಲ್ಲ. ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಮು ಕುಸಿದು ಬೀಳುವಾಗ ಯಾಕೆ ಬಿದ್ದೆ ಎಂದು ಅಲ್ಲಿ ಬರೆಯುತ್ತದೆ. ಮತ್ತೆ ಎದ್ದಾಗ ಅದನ್ನೇ ಓದಿ ಸುಧಾರಿಸಿಕೊಳ್ಳುತ್ತದೆ. ಆಫೀಸಿನಲ್ಲಿ ಬೇಕಂತಲೇ ಕೆಡವಿ ನೋಡುವಾಗ ಕರೆಂಟು ಇದ್ದೇ ಇರುತ್ತದೆ, ಬರೆದದ್ದು ಉಳಿಯುತ್ತದೆ. ವೈರು ಕಿತ್ತು ಬಹಳ ಹೊತ್ತಾದರೆ ಆ ಮೂಲೆಯ ಬರಹ ಅಳಿಯುತ್ತದೆ. ಆದರೆ ಅದು ಖಾಲಿಯಾಗುವುದಿಲ್ಲ, ಏನೇನೋ ಕಸ ಇರುತ್ತದೆ. ಡಬ್ಬಿ ಆ ಕಸವನ್ನೇ ತನ್ನ ಬರಹವೆಂದು ನಂಬಿ ಓದಹೋಗಿ ಬೀಳುತ್ತದೆ. ಎದ್ದು ಮತ್ತೆ ಅದನ್ನೇ ಓದುತ್ತದೆ, ಮತ್ತೆ ಬೀಳುತ್ತದೆ.

ಕೇಳುತ್ತಿದ್ದ ಕಾಕಾ ಅಂದರು: "ಹುಚ್ಚ್ ಡಬ್ಬಿ! ಹಗೇವು ತೆರದ ಕೂಡ್ಲೇ ಯಾರರ ಒಳಗ ಇಳೀತಾರೇನ? ಮೊದ್ಲ ದೀಪ ಬಿಟ್ಟು ನೋಡ್ತಾರ, ಆರಿತಂದ್ರ ಗಾಳಿ ಕೆಟ್ಟದ ಅಂತ." ಜೋಳ ತುಂಬಿಡುವ ನೆಲದೊಳಗಿನ ಹಗೇವಿಗೆ ಹಾಗೆ ದೀಪ ಇಳಿಸುವುದನ್ನು ನಾನೂ ಕಂಡವಳೇ.

"ಅದೇರಿ ಕಾಕಾ! ಆ ದೀಪಾನೇ ಇಲ್ಲ ಇದಕ್ಕ."

"ಏಳೂಮುಂದ ಎಲ್ಲಾ ಒರಸಿಬಿಟ್ರ ಆಗ್ತದಲ್ಲ?" ಎಂದೆ, ನನಗೆ ತಿಳಿದಷ್ಟು.

"ಒರಸಿದ್ರ ಖರೇ ಬಿದ್ದಾಗ ಬರದದ್ದೂ ಹೋಗ್ತದಲ್ರಿ ಅಕ್ಕೋರೆ." ಗೋಡೆಗೆ ಒರಗಿ ಕೂತು ಮಧ್ಯಾಹ್ನವೆಲ್ಲ ಟೈಪು ಮಾಡಿದಳು. ಡಬ್ಬಿ ಬರೆಯುವಾಗ ಒಂದು ಗುರುತನ್ನೂ ಅಕ್ಷರಗಳ ಒಂದು ತಾಳೆ ಲೆಕ್ಕವನ್ನೂ ಜೊತೆಗಿಡಬೇಕು. ಎದ್ದಾಗ ಮೊದಲು ಅವೆರಡನ್ನು ನೋಡಬೇಕು. ತಾಳೆಯಾದರೆ ಓದಬೇಕು, ಆಗದಿದ್ದರೆ ಒರೆಸಿ ಹೊಸದಾಗಿ ಗುರುತು ಹಾಕಬೇಕು.

ಆಮೇಲೆ ಡಬ್ಬಿಯ ಪ್ರೋಗ್ರಾಮನ್ನು ತಾನೇ ಬೇಕಂತಲೇ ಕೆಡವಿದಳು. ಅದು ಎದ್ದು, ಬಿದ್ದ ಕಾರಣವನ್ನು ಅಕ್ಷರ ತಪ್ಪದೆ ತೋರಿಸಿತು. "ಕಾಕಾ, ಈಗ ನೀವು ಕೀಳ್ರಿ" ಎಂದಳು. ಕಾಕಾ ಎರಡೂ ವೈರು ಕಿತ್ತರು. ಕೂಡಿಸುವ ಅವಸರ ಅವಳಿಗಿರಲಿಲ್ಲ. ಅರ್ಧ ತಾಸು ನನ್ನ ಕೂಡ ಮನೆ ಮಕ್ಕಳ ಮಾತಾಡುತ್ತ ಕೂತಳು. ಮತ್ತೆ ಕೂಡಿಸಿದಾಗ ಹಸಿರು ದೀಪ ಹತ್ತಿತು, ಆರಲಿಲ್ಲ. ಅಷ್ಟಕ್ಕೆ ಬಿಡದೆ ನಾಲ್ಕು ಸಲ ಹಾಗೇ ಮಾಡಿಸಿದಳು.

ಸಾಹೇಬರಿಗೆ ಬರೆದದ್ದನ್ನು ನಮಗೂ ಓದಿ ಹೇಳಿದಳು: "ವೈರು ಕಿತ್ತಿಡುವುದು ಅಲ್ಲಿಯ ಒಳ್ಳೆಯ ರೂಢಿ, ಅದರಿಂದ ಮೋಟರು ಉಳಿದಿದೆ. ಪಂಪ್‌ಹೌಸಿನವರ ತಪ್ಪಿಲ್ಲ. ತಪ್ಪು ಪ್ರೋಗ್ರಾಮಿನದು, ಆ ಭಾಗ ಬರೆದವಳು ನಾನೇ."

ಕಾಕಾ ಗಾಬರಿಯಾದರು. "ನಂದೇನ್ ಬಿಡವ್ವಾ, ಮುದುಕ ಇದ್ದೇನಿ. ನಿನಗ ಬೈತಾರಲ್ಲ?"

"ಬೈತಾರ್ರಿ. ತಪ್ಪು ನಂದದ, ಬೈಸ್ಕೋತೇನಿ" ಎಂದವಳೇ ಕಳಿಸಿಬಿಟ್ಟಳು.

ಅವಳು ಬಸ್ಸಿಗೆ ಹೊರಡುವ ಮೊದಲೇ ಸಾಹೇಬರ ಫೋನು ಬಂತು. ಅವಳು ಬಾಗಿಲ ಹೊರಗೆ ನಿಂತು "ಹೌದ್ರಿ ಸರ್, ಹೌದ್ರಿ" ಎಂದು ಬಹಳ ಹೊತ್ತು ಕೇಳಿಸಿಕೊಂಡಳು. ಒಳಗೆ ಬಂದು ಕಾಕಾನಿಗೆ ಹೇಳಿದ್ದು ಇಷ್ಟೇ: "ನೀವ್ ಇಲ್ಲೇ ಇರ್ತೀರಿ."

ಮರುದಿನ ಕರೆಂಟು ಹೋಯಿತು. ಐದು ನಿಮಿಷ ಕಾದು ಕಾಕಾ ಎದ್ದರು, ನನ್ನೆದುರಿಗೇ ಎರಡೂ ವೈರು ಕಿತ್ತರು. ಅದನ್ನೂ ನಾನು ವಹಿಯಲ್ಲಿ ಬರೆದೆ.