ನಾಲ್ಕನೇ ಜಾಯಿಂಟ್

ಆ ಭಾನುವಾರ ಬೆಳಿಗ್ಗೆ ನನ್ನ ಗಂಡ ತಾರಸಿಯ ಮೇಲಿದ್ದರು, ನಾನು ಕೆಳಗೆ ರೇಡಿಯೊ ಮುಂದೆ ಕೂತಿದ್ದೆ. ಮನೆಯಲ್ಲೇ ಕೂತು ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಅವರಿಗೆ ಹುಚ್ಚು. ಶಿಡ್ಲಘಟ್ಟದ ನಮ್ಮ ಮನೆಯ ಮೇಲೆ ಕಬ್ಬಿಣದ ಪೈಪು ನೆಟ್ಟು, ಅದರ ಎರಡೂ ಬದಿಗೆ ಆಂಟೆನಾ ತಂತಿ ಎಳೆದಿದ್ದರು. ಗಾಳಿ ಬೀಸಿದಾಗಲೆಲ್ಲ ರೇಡಿಯೊದಲ್ಲಿ ಕರಕರ ಸದ್ದು ಬರುತ್ತಿತ್ತು. ತಂತಿಯ ನಾಲ್ಕು ಜಾಯಿಂಟ್‌ಗಳಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯಲು ಅವರು ಒಣ ಕೋಲಿನಿಂದ ಒಂದೊಂದನ್ನೇ ಅಲುಗಿಸಬೇಕು, ಸದ್ದು ಬಂದರೆ ನಾನು ಕೂಗಬೇಕು.

ಮೂರನ್ನು ಬಿಚ್ಚಿ, ಉಜ್ಜಿ, ಮತ್ತೆ ಬಿಗಿದರು. ನಾಲ್ಕನೆಯದು ಬೀದಿಯ ಕಡೆ, ಮೋಟುಗೋಡೆಯಿಂದ ಆಚೆಗಿತ್ತು. ಅವರು ಗೋಡೆ ಹತ್ತುವ ಸದ್ದು ಕೇಳಿ ಓಡಿದೆ.

“ಇಳೀರಿ ಮೊದ್ಲು! ಬಿದ್ರೆ ಏನ್ ಗತಿ?”

“ನೀನೇ ಇಲ್ಲಿ ಬಂದ್ ನಿಂತ್ರೆ ಕೆಳಗೆ ಸದ್ದು ಕೇಳೋರು ಯಾರೇ?” ಎಂದು ನಕ್ಕರು. ನನ್ನ ಮುಖ ನೋಡಿ ಇಳಿದರು. “ಸರಿ ಬಿಡು, ಮುಂದಿನ ವಾರ ನೋಡಣ.”

ಮರುದಿನ ತಾವು ಪಾಠ ಮಾಡುವ ಚಿಂತಾಮಣಿಯ ಶಾಲೆಗೆ ಹೋಗುವಾಗ ಬಸ್ಸಿನ ಸೀಟಿನಲ್ಲೇ ಅವರ ಎದೆಬಡಿತ ನಿಂತಿತು. ಅಷ್ಟು ವರ್ಷ ನಾನು ಹೆದರಿದ್ದು ಬರೀ ಆ ಗೋಡೆಗೆ.

ದಿನಾ ಬೆಳಿಗ್ಗೆ ಏಳಕ್ಕೆ ಅವರ ಸ್ನೇಹಿತರು ರೇಡಿಯೊದಲ್ಲಿ ಸೇರುತ್ತಿದ್ದರು. ನನಗೆ ಅವರ ಮುಖ ಗೊತ್ತಿಲ್ಲ, ಫೋನ್ ನಂಬರ್ ಗೊತ್ತಿಲ್ಲ, ಕಾಫಿ ಕಾಸುತ್ತಾ ಕೇಳಿದ ದನಿಗಳಷ್ಟೇ ಗೊತ್ತು. ನನ್ನ ಗಂಡ ಹೋದದ್ದು ಅವರಿಗೆ ತಿಳಿಯದು. ಇವರನ್ನು ಯಾರಾದರೂ ವಿಚಾರಿಸುತ್ತಾರಾ ಎಂದು ರೇಡಿಯೊ ಹಾಕಿ ಕೂರುತ್ತಿದ್ದೆ. ಮಾತು ಶುರುವಾಗುವಷ್ಟರಲ್ಲಿ ಕರಕರ ಅದನ್ನು ಮುಚ್ಚಿಬಿಡುತ್ತಿತ್ತು. ದಿನದಿನಕ್ಕೆ ಸದ್ದು ಹೆಚ್ಚಿತು. ಇವರು ಮುಟ್ಟದಂತೆ ನಾನೇ ತಡೆದ ನಾಲ್ಕನೇ ಜಾಯಿಂಟ್ ಅದು. ಅದು ಪೂರ್ತಿ ಬಿಟ್ಟುಹೋದರೆ ಆ ದನಿಗಳೂ ಇಲ್ಲ ಎಂದು ಹೆದರುತ್ತಿದ್ದೆ.

ಕೊನೆಗೆ ರೇಷ್ಮೆ ನೂಲು ತೆಗೆಯುವ ಪಕ್ಕದ ಮನೆಯಾಕೆಯನ್ನು ಕರೆದು ರೇಡಿಯೊ ಮುಂದೆ ಕೂರಿಸಿದೆ.

“ನೂಲು ಕಡಿದ್ರೆ ನಂಗೆ ಗೊತ್ತಾಗ್ತದೆ ಅಕ್ಕ, ಇದೇನ್ ಗೊತ್ತಾಗ್ತದೆ?”

“ಕರಕರ ಅಂದ್ರೆ ಕೂಗು, ಅಷ್ಟೇ.”

ಮೈಕಿನ ವೈರು ಕಿತ್ತಿಟ್ಟೆ. ತಂತಿ ಹಿಡಿದಿರುವಾಗ ಕೆಳಗೆ ಯಾರಾದರೂ ಮೈಕಿನ ಗುಂಡಿ ಒತ್ತಿದರೆ ಕೈ ಸುಡುತ್ತದೆ ಎಂದು ಅವರು ಹೇಳಿದ್ದರು. ಮೆಟ್ಟಿಲು ಹತ್ತಿದ ಮೇಲೆ ವೈರು ಕಿತ್ತೆನೋ ಇಲ್ಲವೋ ಎಂದು ಅನುಮಾನ ಬಂತು, ಇಳಿದು ನೋಡಿದೆ. ಮತ್ತೆ ಹತ್ತಿದೆ, ಮತ್ತೆ ಇಳಿದೆ.

“ಇನ್ನೊಂದ್ ಸಲ ಬಂದ್ರೆ ನಾನೇ ಹತ್ತಿಬಿಡ್ತೀನಿ ನೋಡಿ!” ಎಂದು ಅವಳು ಗದರಿದಳು.

ಸೆರಗು ಬಿಗಿದು ಹೊಟ್ಟೆಯನ್ನು ಮೋಟುಗೋಡೆಗೆ ಒತ್ತಿ ಬಗ್ಗಿದೆ. ಕೆಳಗೆ ಬೀದಿ ತೂಗಿದಂತಾಯಿತು. ಕಣ್ಣು ಮುಚ್ಚಿ ಕೋಲು ಆಡಿಸಿದೆ.

“ಬಂತು ಅಕ್ಕ! ಕಡ್ಲೆ ಹುರಿದಂಗೆ ಬಂತು! ಬೀಳ್ಬೇಡಿ!”

ಕೈ ಚಾಚಿ ಟೇಪು ಬಿಚ್ಚಿದೆ. ಒಳಗೆ ಇನ್ನೂ ಮಳೆನೀರಿನ ಪಸೆಯಿತ್ತು. ತಾಮ್ರವನ್ನು ಅಲ್ಯೂಮಿನಿಯಂ ತಂತಿಗೆ ನೇರವಾಗಿ ಸುತ್ತಿದ್ದ ಕಡೆ ಬಿಳಿ ಪುಡಿ, ಹಸಿರು ಕಿಲುಬು. ಉಪ್ಪುಕಾಗದದಿಂದ ಎರಡನ್ನೂ ಉಜ್ಜಿದೆ. ಉಳಿದ ಮೂರರಲ್ಲಿ ಅವರು ಮಾಡಿದ್ದಂತೆ, ಒಂದಕ್ಕೊಂದು ತಾಗಿ ಮತ್ತೆ ಕಿಲುಬು ಹಿಡಿಯದ ಹಾಗೆ ನಡುವೆ ಸ್ಟೀಲ್ ವಾಷರ್ ಇಟ್ಟು ಬೋಲ್ಟು ಬಿಗಿದು, ಹೊಸ ಟೇಪು ಸುತ್ತಿದೆ.

ಮರುದಿನ ಏಳಕ್ಕೆ ಎಲ್ಲ ದನಿಗಳೂ ಸ್ಪಷ್ಟವಾಗಿ ಬಂದವು. ವಯಸ್ಸಾದವರೊಬ್ಬರು ಇವರ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಇವರ ಗುರುತಿನ ಹೆಸರು, ಮೂರು ಸಲ ಕರೆದು, “ಎಲ್ಲಿಗಪ್ಪಾ ಹೋದೆ, ಇಷ್ಟು ದಿನ?” ಎಂದು ಕೇಳಿ ಕಾದರು. ರೇಡಿಯೊದಲ್ಲಿ ಮಾತಾಡಲು ಸರ್ಕಾರದ ಲೈಸೆನ್ಸ್ ಬೇಕು. ನನ್ನಲ್ಲಿ ಅದಿಲ್ಲ. ಆ ಹಿರಿಯರು ಈಗಲೂ ಆಗಾಗ ಕರೆಯುತ್ತಾರೆ. ಉತ್ತರ ಕೊಡುವವರು ಈ ಮನೆಯಲ್ಲಿಲ್ಲ.